ಗಾಡಿಯ ಸೀಟಿ, ಅವ್ವನ ಬಲಗಾಲು

ನಮ್ಮ ಮನೆಯಲ್ಲಿ ಮಿಕ್ಸಿ ನಿಂತರೂ, ನಳ ಸೋರಿದರೂ, ಗೋಡೆಯ ಗಡಿಯಾರ ಹತ್ತು ನಿಮಿಷ ಹಿಂದೆ ಬಿದ್ದರೂ ಅಪ್ಪನ ಬಾಯಿಂದ ಬರುತ್ತಿದ್ದ ಮೊದಲ ಮಾತು ಒಂದೇ.

“ಯಾರು ಮುಟ್ಟಿದ್ರಿ ಇದನ್ನ?”

ಏನಾಗಿದೆ ಎಂದು ನೋಡುವ ಕೆಲಸ ಆಮೇಲಿನದು. ಮುಟ್ಟಿದವರು ಸಿಕ್ಕರೆ ಅರ್ಧ ರಿಪೇರಿ ಮುಗಿದಂತೆ ಎಂಬುದು ಅಪ್ಪನ ನಂಬಿಕೆ. ಮಹಾರಾಷ್ಟ್ರದ ಗಡಿಯ ಊರು ಗಡಹಿಂಗ್ಲಜದ ಆ ಮನೆಯಲ್ಲಿ ಇದ್ದವರು ನಾಲ್ಕೇ ಜನ: ಅಪ್ಪ, ಅವ್ವ, ಅಪ್ಪನ ತಾಯಿಯಾದ ನಮ್ಮ ಆಯಿ, ಮತ್ತು ನಾನು. ಆಯಿ ತನ್ನ ಹಾಸಿಗೆ ಮತ್ತು ದೇವರ ಕೋಣೆ ಬಿಟ್ಟು ಬೇರೇನನ್ನೂ ಮುಟ್ಟುತ್ತಿರಲಿಲ್ಲ. ನಾನು ಹತ್ತು ವರ್ಷದವಳು, ನನಗೆ ಏನನ್ನೂ ಮುಟ್ಟಗೊಡುತ್ತಿರಲಿಲ್ಲ. ಉಳಿದವಳು ಅವ್ವ. ಬೆಳಗಿನಿಂದ ಮಲಗುವ ತನಕ ಮನೆಯ ಎಲ್ಲವನ್ನೂ ಮುಟ್ಟಿ, ಒರೆಸಿ, ತಿರುವಿ, ನಡೆಸುತ್ತಿದ್ದವಳು ಅವಳೊಬ್ಬಳೇ ಆದ್ದರಿಂದ ಕೆಟ್ಟದ್ದೆಲ್ಲ ಅವಳ ಹೆಸರಿಗೇ ಬೀಳುತ್ತಿತ್ತು. ಈಗ ನನಗೂ ತಲೆ ಬೆಳ್ಳಗಾಗುತ್ತಿದೆ. ಇವತ್ತಿಗೂ ಆಫೀಸಿನಲ್ಲಾಗಲಿ, ನೆಂಟರ ಮನೆಯಲ್ಲಾಗಲಿ ಯಾರಾದರೂ “ಇದನ್ನ ಯಾರು ಮುಟ್ಟಿದರು” ಎಂದರೆ ನನಗೆ ಅಂಗಾಲಿನಿಂದ ನೆತ್ತಿಯ ತನಕ ಉರಿಯುತ್ತದೆ. ಇಷ್ಟು ಸಣ್ಣ ಮಾತಿಗೆ ಇಷ್ಟೇಕೆ ಸಿಡುಕು ಎಂದು ಮಕ್ಕಳು ಕೇಳುತ್ತಾರೆ. ಅದನ್ನು ಹೇಳಬೇಕೆಂದರೆ ನಾನು ನಮ್ಮ ಗಾಡಿಯ ಸೀಟಿಯ ಸಂಗತಿ ಹೇಳಬೇಕು.

ಅಪ್ಪನದು ಬಜಾರಿನಲ್ಲಿ ಭಾಂಡಿ ಅಂಗಡಿ. ಸ್ಟೀಲಿನ ಡಬ್ಬಿ, ಹಿತ್ತಾಳೆಯ ಕೊಡ, ಕುಕ್ಕರು, ಕುಕ್ಕರಿನ ರಬ್ಬರು, ಲಗ್ನಕ್ಕೆ ಹೆಸರು ಕೊರೆದು ಕೊಡುವ ತಾಟು. ಅಂಗಡಿಯಲ್ಲಿ ಮಾತೆಲ್ಲ ಮರಾಠಿ; ಮನೆಗೆ ಬಂದು ಚಪ್ಪಲಿ ಬಿಟ್ಟ ಕೂಡಲೇ ಕನ್ನಡ. ಜಗಳವಂತೂ ಅಚ್ಚ ಕನ್ನಡದಲ್ಲೇ ಆಗಬೇಕು, ಮರಾಠಿಯಲ್ಲಿ ಅಪ್ಪನಿಗೆ ಸಿಟ್ಟು ಪೂರಾ ಬರುತ್ತಿರಲಿಲ್ಲ. ಪಡಸಾಲೆಯ ಅರ್ಧ ಭಾಗ ಅವ್ವನದು. ಅಲ್ಲಿ ಚಾಪೆಯ ಮೇಲೆ ಚಾದರು, ಟವೆಲ್ಲು, ಲಂಗ ಹೊಲಿಯುವ ಪರಕಾರದ ಬಟ್ಟೆ, ಸೀರೆಯ ಫಾಲು ಒಟ್ಟಿರುತ್ತಿದ್ದವು. ಇಚಲಕರಂಜಿಯ ಮಗ್ಗದವರಿಂದ ತಾನೇ ಆರಿಸಿ ತಂದು ಓಣಿಯ ಹೆಂಗಸರಿಗೆ ಮಾರುತ್ತಿದ್ದಳು. ಮಧ್ಯಾಹ್ನ ಊಟವಾದ ಮೇಲೆ ಹೆಂಗಸರು ಬಂದು ಕುಳಿತರೆಂದರೆ ಪಡಸಾಲೆಯಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ಬಟ್ಟೆ ನೋಡುವವರು ನಾಲ್ವರು, ಮಾತಾಡಲು ಬಂದವರು ಹತ್ತು. ಅಡುಗೆಮನೆಯ ಕಿಟಕಿ ಹಿತ್ತಲಿಗೆ ತೆರೆಯುತ್ತಿತ್ತು. ಅಲ್ಲೇ ತಗಡಿನ ಮಾಡಿನ ಕೆಳಗೆ ನಮ್ಮ ಗಾಡಿ.

ಗಾಡಿ ಎಂದರೆ ಒಂಬತ್ತು ಜನ ಕೂಡುವ ದೊಡ್ಡ ಡೀಸೆಲ್ ಗಾಡಿ. ಶಿರೋಳದ ಕಬ್ಬಿನ ರೈತರೊಬ್ಬರಿಂದ ಹಳೆಯದನ್ನು ಕೊಂಡದ್ದು. ಅಂಗಡಿಯ ಮಾಲು ತರಲು ಎಂದು ಅಪ್ಪ ಕೊಂಡ, ಆರು ತಿಂಗಳು ತಾನೇ ನಡೆಸಿದ. ಆ ಆರು ತಿಂಗಳಲ್ಲಿ ನಮ್ಮ ಕಂಪೌಂಡಿನ ಗೋಡೆ ಎರಡು ಸಲ ಬಿತ್ತು. ಎರಡೂ ಸಲ ಅಪ್ಪ ಹೇಳಿದ್ದು, ಗೋಡೆ ಕಟ್ಟಿದವನು ಅಳತೆ ತಪ್ಪಿಸಿದ್ದಾನೆ ಎಂದು. ಆಮೇಲೆ ಒಂದು ದಿನ ಅವ್ವ ಸುಮ್ಮನೆ ಚಾವಿ ತೆಗೆದುಕೊಂಡು, ಗಾಡಿಯನ್ನು ಹಿಮ್ಮುಖವಾಗಿ ಹಿತ್ತಲಿನಿಂದ ಬೀದಿಗೆ ಒಂದೇ ಏಟಿಗೆ ತೆಗೆದು ನಿಲ್ಲಿಸಿದಳು. ಮಹಾಗಾಂವದ ತವರಿನಲ್ಲಿ ಮದುವೆಗೆ ಮುಂಚೆಯೇ ಅಣ್ಣನ ಟ್ರ್ಯಾಕ್ಟರ್ ಹೊಡೆದವಳು ಅವಳು. ಓಣಿ ನೋಡಿತು, ಬಾಯಿಗೆ ಸೆರಗು ಹಿಡಿಯಿತು, ಎಂಟು ದಿನ ಮಾತಾಡಿತು, ಆಮೇಲೆ ಆಸ್ಪತ್ರೆಗೆ ಹೋಗಬೇಕಾದಾಗ ಅವಳನ್ನೇ ಕರೆಯತೊಡಗಿತು. ವಾರಕ್ಕೆರಡು ಸಲ ಅವಳು ಇಚಲಕರಂಜಿಗೆ ಹೋಗಿ ಬರುತ್ತಿದ್ದಳು. ಸ್ಟೇರಿಂಗ್ ಹಿಡಿದಾಗ ಅವಳ ಮುಖ ಮನೆಯಲ್ಲಿ ಇದ್ದದ್ದಕ್ಕಿಂತ ಬೇರೆಯಾಗಿರುತ್ತಿತ್ತು. ಯಾರೂ ಏನೂ ಕೇಳದ ಜಾಗ ಅದೊಂದೇ ಅವಳಿಗೆ ಇದ್ದದ್ದು.

ಆಯುಧಪೂಜೆಯ ಖಂಡೇ ನವಮಿಯ ದಿನ ಗಾಡಿಗೆ ಪೂಜೆ. ಅಂಗಡಿಯ ತಕ್ಕಡಿ, ಅವ್ವನ ಕತ್ತರಿ, ಈಳಿಗೆ, ಎಲ್ಲಕ್ಕೂ ಈಬತ್ತಿ ಹಚ್ಚಿದ ಮೇಲೆ ಗಾಡಿಯ ಸರದಿ. ಆಯಿ ಐದೆಳೆಯ ನೂಲಿಗೆ ಅರಿಶಿಣ ಹಚ್ಚಿ, ಅದಕ್ಕೊಂದು ಅರಿಶಿಣದ ಕೊಂಬು ಕಟ್ಟಿ ಕಂಕಣ ಮಾಡುತ್ತಿದ್ದಳು. ಗಾಡಿಯ ಜೀವ ಇರುವುದು ಬಾನೆಟ್ಟಿನ ಒಳಗೆ, ಆದ್ದರಿಂದ ಕಂಕಣವೂ ಒಳಗೇ ಇರಬೇಕು ಎಂಬುದು ಅವಳ ಹಟ. ಹಿಂದಿನ ವರ್ಷ ಕಟ್ಟಿದ ಕಂಕಣ ಎರಡೇ ದಿನಕ್ಕೆ ಎಲ್ಲೋ ಬಿದ್ದುಹೋಗಿತ್ತು. ಸೊಸೆ ದಾರಿಯ ಮೇಲೆ ಓಡಾಡುವವಳು, ಕಂಕಣ ಬಿತ್ತಲ್ಲ ಎಂದು ಆಯಿ ಒಂದು ಹೊತ್ತು ಊಟ ಬಿಟ್ಟಿದ್ದಳು. ಈ ವರ್ಷ ಅಪ್ಪ ಎದೆ ತಟ್ಟಿ ಹೇಳಿದ.

“ಈ ಸಲ ಹ್ಯಾಂಗ ಬೀಳತೈತಿ ನೋಡ್ತೀನಿ. ತಾ ಇಲ್ಲೆ.”

ಅಂಗಡಿಯಿಂದ ಸ್ಕ್ರೂಡ್ರೈವರ್ ತರಿಸಿಕೊಂಡು, ಹೊಸ ಧೋತರಕ್ಕೆ ಮಸಿ ಹತ್ತಿಸಿಕೊಂಡು, ಅರ್ಧ ತಾಸು ಬಾನೆಟ್ಟಿನೊಳಗೆ ತಲೆ ಹಾಕಿ ಅಪ್ಪ ಕಂಕಣ ಕಟ್ಟಿದ. ಆಯಿ ಬಗ್ಗಿ ನೋಡಿ, ಎಳೆದು ನೋಡಿ, ಗಟ್ಟಿಯಾಗಿದೆ ಎಂದು ಸಮಾಧಾನಪಟ್ಟಳು. ಆಮೇಲೆ ಹೋಳಿಗೆ ಊಟ.

ದಸರೆ ಕಳೆದು ಅವ್ವ ಇಚಲಕರಂಜಿಗೆ ಹೋಗಿ, ಗಾಡಿ ತುಂಬ ಬಟ್ಟೆ ಹೇರಿಕೊಂಡು ವಾಪಸ್ ಬರುವಾಗ ನಾನೂ ಜೊತೆಗಿದ್ದೆ. ನಿಪ್ಪಾಣಿ ದಾಟಿ ತವಂದಿ ಘಾಟು ಏರತೊಡಗಿದಾಗ ಸಣ್ಣದಾಗಿ ಸೀಟಿ ಕೇಳಿತು. ಹಿಂದೆ ಯಾವುದೋ ಮೋಟರ್‌ಸೈಕಲ್ಲಿನ ಹುಡುಗರು ಇರಬೇಕೆಂದು ಅವ್ವ ಕನ್ನಡಿ ನೋಡಿದಳು. ಯಾರೂ ಇರಲಿಲ್ಲ. ಎಕ್ಸಲೇಟರ್ ಒತ್ತಿದಷ್ಟೂ ಸೀಟಿ ಏರಿತು. ಕಾಲು ತೆಗೆದ ಕೂಡಲೇ ನಿಂತಿತು. ಮತ್ತೆ ಒತ್ತಿದಳು, ಮತ್ತೆ ಬಂತು. ಎರಡು ವಾರ ಕಳೆಯುವಷ್ಟರಲ್ಲಿ ಅದು ಎಷ್ಟು ಬಲಿಯಿತೆಂದರೆ ಘಾಟಿನ ಬದಿಯ ಹೊಲದ ಮಂದಿ ತಲೆ ಎತ್ತಿ ನೋಡತೊಡಗಿದರು.

ಅಪ್ಪನಿಗೆ ವಿಷಯ ತಿಳಿದದ್ದೇ ತಡ, ತೀರ್ಪು ಬಂತು. ರೊಟ್ಟಿ, ಝುಣಕದ ಮುಂದೆ ಕುಳಿತಲ್ಲೇ ಹೇಳಿದ.

“ನಿನ್ನ ಕಾಲು ಭಾರ ಐತಿ. ಟ್ರ್ಯಾಕ್ಟರ್ ಹೊಡದ ಕಾಲು ಅದು. ಇಂಜಿನ್ ಪಾಪ, ಒದರಾಕತ್ತೈತಿ.”

“ಎರಡು ವರ್ಷದಿಂದ ಇದs ಕಾಲು ಐತಿರಿ. ಆವಾಗ ಯಾಕ ಒದರಲಿಲ್ಲ?”

“ತಡಕೊಂಡಿತ್ತು.”

ಅವ್ವ ಎದ್ದು ಅಪ್ಪನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದಳು.

ನಮ್ಮೂರಿನ ಬಂಡೂ ಮಿಸ್ತ್ರಿಯ ಗ್ಯಾರೇಜಿಗೆ ಗಾಡಿ ಹೋಯಿತು. ಒಳ್ಳೆಯ ಮನುಷ್ಯ, ಬಾಯ್ತುಂಬ ತಂಬಾಕು. ಗಾಡಿ ನಿಂತಲ್ಲೇ ಶುರು ಮಾಡಿ ಎಕ್ಸಲೇಟರ್ ಒತ್ತಿದ. ಸೀಟಿ ಬರಲಿಲ್ಲ. ಬಜಾರಿನಲ್ಲಿ ಒಂದು ಸುತ್ತು ಹೊಡೆದ. ಬರಲಿಲ್ಲ. ತುಂಬಿದ ಗಾಡಿ ಘಾಟು ಏರುವಾಗ ಮಾತ್ರ ಬರುತ್ತದೆ ಎಂದು ಅವ್ವ ಮೂರು ಸಲ ಹೇಳಿದಳು. ಮಿಸ್ತ್ರಿ ಮೂರು ಸಲವೂ ತಲೆಯಾಡಿಸಿ, ಅಪ್ಪನ ಕಡೆ ತಿರುಗಿ ಮಾತಾಡಿದ. ಫ್ಯಾನಿನ ಬೆಲ್ಟು ಸಡಿಲಾಗಿದೆ ಎಂದು ಹೊಸ ಬೆಲ್ಟು ಹಾಕಿದ. ಬಾನೆಟ್ಟಿನೊಳಗೆ ಕೈಯಾಡಿಸುತ್ತಿದ್ದವನು ಕಂಕಣ ಕಂಡ ಕೂಡಲೇ ಕೈ ಹಿಂದೆಗೆದು, ಎರಡು ಬೆರಳು ಕಣ್ಣಿಗೊತ್ತಿಕೊಂಡ.

“ದೇವರ ಕಂಕಣ ಐತ್ರಿ. ಈ ಕಡಿ ಏನೂ ಇರಂಗಿಲ್ಲ ಬಿಡ್ರಿ.”

ಹೊಸ ಬೆಲ್ಟಿನೊಂದಿಗೆ ಗಾಡಿ ಘಾಟಿನಲ್ಲಿ ಹಳೆಯ ಸೀಟಿಯನ್ನೇ ಹೊಡೆಯಿತು. ಇಚಲಕರಂಜಿಯಲ್ಲಿ ಅವ್ವ ಬಟ್ಟೆ ಕಟ್ಟಿಸುತ್ತಿದ್ದ ಮಗ್ಗದ ಎದುರಿಗೇ ಒಂದು ಗ್ಯಾರೇಜು. ಮಗ್ಗಗಳ ಸಪ್ಪಳದಲ್ಲಿ ಅಲ್ಲಿ ಪಕ್ಕದವನ ಮಾತೇ ಕೇಳಿಸುವುದಿಲ್ಲ, ಸೀಟಿ ಎಲ್ಲಿಂದ ಕೇಳಬೇಕು. ಆ ಮಿಸ್ತ್ರಿ ಸೈಲೆನ್ಸರ್ ಸೀಳಿದೆ ಎಂದು ಬೆಸುಗೆ ಹಾಕಿಕೊಟ್ಟ. ಅವನೂ ಕಂಕಣಕ್ಕೆ ಕೈ ಮುಗಿದ. ಬೆಸುಗೆ ಗಟ್ಟಿಯಾಗಿತ್ತು, ಸೀಟಿಯೂ ಗಟ್ಟಿಯಾಗಿತ್ತು. ಕೊನೆಗೆ ಅಪ್ಪ, ಇವರೆಲ್ಲ ಹಳ್ಳಿ ಮಿಸ್ತ್ರಿಗಳು ಎಂದು, ಕೊಲ್ಹಾಪುರದ ದೊಡ್ಡ ವರ್ಕ್‌ಶಾಪಿಗೆ ತಾನೇ ಬರುತ್ತೇನೆ ಎಂದು ಹೊರಟ. ಅಲ್ಲಿ ಗಾಜಿನ ಕೋಣೆ, ಸೋಫಾ, ನೀರಿನ ಮಷೀನು. ನಾವು ಮೂವರೂ ಇಡೀ ದಿನ ಕುಳಿತೆವು, ನಡುವೆ ಅವ್ವ ಮಾತ್ರ ಒಮ್ಮೆ ಎದ್ದು ಗಾಡಿ ಬಿಚ್ಚಿದ್ದ ಕಡೆ ಹೋಗಿ ಬಂದಳು. ಸಂಜೆ ಅಂಗಿಯ ಮೇಲೆ ಹೆಸರು ಹೊಲಿಸಿಕೊಂಡಿದ್ದ ಒಬ್ಬ ಹುಡುಗ ಬಂದ.

“ಕಾಯ್ ನಾಯ್ ವೋ ಭಾವೂ. ಗಾಡೀ ಏಕದಮ್ ಓಕೆ ಹಾಯ್.”

ಏನೂ ಆಗಿಲ್ಲವಂತೆ. ಗಾಡಿಯನ್ನು ತೊಳೆದು ಹೊಳೆಯುವಂತೆ ಮಾಡಿದ್ದರು. ಇಂಜಿನ್ನನ್ನು ಕೂಡ ತೊಳೆದಿದ್ದರು, ಕಂಕಣ ಇದ್ದ ಜಾಗವೊಂದನ್ನು ಬಿಟ್ಟು. ಅದಕ್ಕೆ ನೀರು ಬೀಳದ ಹಾಗೆ ಪ್ಲಾಸ್ಟಿಕ್ ಚೀಲ ಕಟ್ಟಿ ಕಾಪಾಡಿದ್ದೇವೆ ಎಂದು ಆ ಹುಡುಗ ಹೆಮ್ಮೆಯಿಂದ ಹೇಳಿದ, ಅಪ್ಪ ಅವನ ಬೆನ್ನು ತಟ್ಟಿದ.

ಅಂಗಡಿಯ ಮಾಲನ್ನೂ ಗಾಡಿಗೆ ಹೇರಿಕೊಂಡು ವಾಪಸ್ ಬರುವಾಗ ಅಪ್ಪ ಚಾವಿ ಕೇಳಿದ. ನನ್ನ ಕಾಲಿಗೆ ಬರುವುದಿಲ್ಲ ನೋಡು, ತೋರಿಸುತ್ತೇನೆ ಎಂದ. ನಾನು ಹಿಂದಿನ ಸೀಟಿನಲ್ಲಿ ದೇವರನ್ನು ಬೇಡಿಕೊಂಡೆ: ಬರಲಿ, ಬರಲಿ. ತವಂದಿ ಘಾಟಿನ ಎರಡನೇ ತಿರುವಿನಲ್ಲಿ ಬಂತು. ಅಪ್ಪನ ಕಾಲಿನ ಕೆಳಗೇ ಬಂತು. ನನಗೆ ಕುಣಿಯುವಷ್ಟು ಖುಷಿ. ಅವ್ವನೂ ಮೊದಲ ಸಲ ಅಪ್ಪನ ಕಡೆ ತಿರುಗಿ ನೋಡಿದಳು.

“ಈಗ ಯಾರ ಕಾಲು ಭಾರ ಆತ್ರಿ?”

ಅಪ್ಪ ಒಂದು ಕ್ಷಣವೂ ತಡಮಾಡಲಿಲ್ಲ.

“ಎತ್ತು ಒಮ್ಮೆ ಕೆಟ್ಟವನ ಕೈಯಾಗ ಸಿಕ್ಕು ಕಲತ್ರ, ಆಮ್ಯಾಲೆ ಯಾರು ಹೊಡದ್ರೂ ಹಂಗs ನಡೀತೈತಿ. ನೀ ಕಲಿಸಿಟ್ಟೀದಿ ಇದಕ್ಕ.”

ಇದನ್ನು ಬರೆಯುತ್ತಿರುವಾಗಲೂ ನನಗೆ ಪೆನ್ನು ಎಸೆಯಬೇಕೆನಿಸುತ್ತದೆ. ಇನ್ನೂ ಕೆಟ್ಟದ್ದೆಂದರೆ ಈ ಮಾತನ್ನು ಊರೇ ಒಪ್ಪಿತು. ಅಂಗಡಿಗೆ ಬಂದವರೆಲ್ಲ ತಲೆದೂಗಿದರು. ಎತ್ತಿನ ಚಾಳಿ, ಕುದುರೆಯ ಚಾಳಿ, ಹಾಗೆಯೇ ಗಾಡಿಯ ಚಾಳಿ. ನೇಗಿಲು ಹಿಡಿದು ಬೆಳೆದ ಮಂದಿಗೆ ಇದಕ್ಕಿಂತ ಸರಿಯಾದ ವಿವರಣೆ ಬೇರೆ ಇರಲಿಲ್ಲ. ಬಂಡೂ ಮಿಸ್ತ್ರಿ ಕೂಡ, ಮಿಸ್ತ್ರಿಯಾಗಿ, ಹೌದ್ರಿ ಹಂಗ ಆಗತೈತಿ ಎಂದ.

ಕೊಲ್ಹಾಪುರದಿಂದ ಬಂದ ದಿನವೇ ಅಪ್ಪ ಗಾಡಿಯ ಚಾವಿಯನ್ನು ಉಡದಾರಕ್ಕೆ ಕಟ್ಟಿಕೊಂಡ. ಅಂಗಡಿಯ ಚಾವಿ, ಕಪಾಟಿನ ಚಾವಿ, ಅದರ ಜೊತೆಗೆ ಗಾಡಿಯದು. ಸೊಂಟದಲ್ಲಿ ಕಟ್ಟಿಕೊಂಡ ಚಾವಿಯನ್ನು ಹೆಂಡತಿ ಕೇಳುವುದು ಹೇಗೆ? ತುಳಸಿ ಲಗ್ನ ಮುಗಿದು ಮದುವೆಯ ಕಾಲ ಶುರುವಾಗುತ್ತಿತ್ತು. ಅವ್ವ ಮಾಲು ತರಲೇಬೇಕು. ಬಸ್ಸಿನಲ್ಲಿ ಹೋದಳು. ಸಂಕೇಶ್ವರದಲ್ಲಿ ಇಳಿದು ಹತ್ತು, ನಿಪ್ಪಾಣಿಯಲ್ಲಿ ಇಳಿದು ಹತ್ತು. ಕೈಯಲ್ಲೆರಡು ಗಂಟು, ಬೆನ್ನಿಗೊಂದು. ಕಂಡಕ್ಟರುಗಳು ಗಂಟಿಗೂ ಟಿಕೆಟು ಕೇಳಿ ಜಗಳ ತೆಗೆಯುತ್ತಿದ್ದರು. ಒಂದು ಸಂಜೆ ಸ್ಟ್ಯಾಂಡಿನಿಂದ ಅವಳು ಕುಂಟುತ್ತ ನಡೆದು ಬಂದಳು, ಬಸ್ಸಿನ ಮೆಟ್ಟಿಲಲ್ಲಿ ಗಂಟಿನ ಸಮೇತ ಬಿದ್ದಿದ್ದಳು. ಮೊಣಕಾಲು ಊದಿತ್ತು. ಆಯಿ ಎಣ್ಣೆ ಕಾಯಿಸಿ ತಿಕ್ಕಿದಳು. ಹಿತ್ತಲಲ್ಲಿ ಗಾಡಿ ತೊಳೆದುಕೊಂಡು, ಹೊಳೆದುಕೊಂಡು ನಿಂತೇ ಇತ್ತು. ಅಪ್ಪ ಪಡಸಾಲೆಗೆ ಬಂದು ಅವ್ವನ ಕಾಲು ನೋಡಿದ. ಅವನ ಮುಖ ಸಣ್ಣದಾಯಿತು, ನಾನು ಸುಳ್ಳು ಹೇಳುವುದಿಲ್ಲ. ಆದರೆ ಅವನ ಬಾಯಲ್ಲಿ ಬಂದ ಮಾತು ಬೇರೆ.

“ಹಲಕರ್ಣಿಯವರೊಬ್ಬರು ಗಾಡಿ ತಗೋತೀನಿ ಅಂದಾರ. ನಾಳಿದ್ದು ನೋಡಾಕ ಬರ್ತಾರ. ಈ ಕಿರಿಕಿರೀನs ಬ್ಯಾಡ ನಮಗ.”

ಆ ರಾತ್ರಿ ಅವ್ವ ಊಟಕ್ಕೆ ಕೂಡಲಿಲ್ಲ. ಗಾಡಿ ಹೋದರೆ ಇಚಲಕರಂಜಿ ಹೋಯಿತು, ಇಚಲಕರಂಜಿ ಹೋದರೆ ಪಡಸಾಲೆಯ ಚಾಪೆ ಖಾಲಿ. ಆಮೇಲೆ ಅವಳಿಗೆ ಉಳಿಯುವುದು ಅಡುಗೆಮನೆ ಮತ್ತು “ಯಾರು ಮುಟ್ಟಿದ್ರಿ” ಎಂಬ ಪ್ರಶ್ನೆ. ಹತ್ತು ವರ್ಷದ ನನಗೇ ಇದು ತಿಳಿದಿತ್ತು. ಅಪ್ಪನಿಗೆ ಹೇಗೆ ತಿಳಿಯಲಿಲ್ಲ ಎಂದು ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಮರುದಿನ ಅಂಗಡಿಗೆ ರಜೆ. ಅಪ್ಪ ಪಡಸಾಲೆಯಲ್ಲಿ ಪೇಪರ್ ಓದುತ್ತಿದ್ದ. ಅಡುಗೆಮನೆಯಲ್ಲಿ ಬೇಳೆ ಕುದಿಯಲು ಕುಕ್ಕರ್ ಇಟ್ಟಿತ್ತು. ಎಷ್ಟು ಹೊತ್ತಾದರೂ ಸೀಟಿ ಬರಲಿಲ್ಲ, ಪಕ್ಕದಿಂದ ಸುಂಯ್ ಎಂದು ಹಬೆ ಹೋಗುತ್ತಿತ್ತು. ಅವ್ವ ಬಯ್ಯುತ್ತ ಇಳಿಸಿ, ಆರಿಸಿ, ಮುಚ್ಚಳ ತೆಗೆದಳು. ರಬ್ಬರಿನ ಕೆಳಗೆ ಒಂದು ತೊಗರಿಬೇಳೆ ಸಿಕ್ಕಿಕೊಂಡಿತ್ತು. ಅದನ್ನು ಉಗುರಿನಿಂದ ತೆಗೆದು ಬೆರಳ ಮೇಲೆ ಇಟ್ಟುಕೊಂಡು ನಿಂತುಬಿಟ್ಟಳು. ನಾನು ಹಸಿವಾಗಿದೆ ಎಂದೆ. ಅವಳಿಗೆ ಕೇಳಿಸಲಿಲ್ಲ.

“ಶೈಲೂ, ಉರಿ ಸಣ್ಣದಿದ್ದಾಗ ಇದು ಸುಂಯ್ ಅಂತಿತ್ತೇನು?”

“ಇಲ್ಲ. ದೊಡ್ಡದು ಮಾಡಿದ ಮ್ಯಾಲೆ.”

“ಒಳಗ ಒತ್ತಡ ಆದಾಗ ಅಷ್ಟs. ಘಾಟಿನ್ಯಾಗ ಅಷ್ಟs.”

ಬೇಳೆ ಹಾಗೇ ಬಿಟ್ಟು ಪಡಸಾಲೆಗೆ ನಡೆದಳು. ಅಪ್ಪನ ಮುಂದೆ ಕೈ ಚಾಚಿದಳು. ಗಾಡಿ ಹೊರಗೆ ತೆಗೆಯುವುದಿಲ್ಲ, ನಿಂತಲ್ಲೇ ನೋಡುತ್ತೇನೆ, ನೀವೇ ಬಂದು ಎಕ್ಸಲೇಟರ್ ಒತ್ತಿರಿ ಎಂದಳು. ಅಪ್ಪ ಪೇಪರ್ ಮಡಿಸಿ, ಮೂವರು ಮಿಸ್ತ್ರಿಗಳಿಗೆ ಸಿಗದ್ದು ನಿನಗೆ ಸಿಗುತ್ತದೇನು ಎಂದು ಗೊಣಗುತ್ತ ಬಂದ. ಅವ್ವ ಬಟ್ಟೆಯ ಸಾಬೂನು ಕಲಸಿದ ನೀರು ಒಂದು ಮಗ್ಗಿನಲ್ಲಿ ತಂದಳು. ಅದನ್ನು ಹಚ್ಚಲು ಅಪ್ಪನ ದಾಡಿಯ ಬ್ರಷ್ಷನ್ನೇ ತಂದಿದ್ದಳು. ಅಪ್ಪ ಒಳಗೆ ಕುಳಿತಿದ್ದರಿಂದ ಅವನಿಗೆ ಅದು ಕಾಣಲಿಲ್ಲ. ಆಯಿ ಕೋಲು ಊರಿಕೊಂಡು ಬಾಗಿಲಿಗೆ ಬಂದಳು.

ಅವ್ವ ಕೊಲ್ಹಾಪುರದಲ್ಲಿ ಗಾಜಿನ ಕೋಣೆಯಿಂದ ಎದ್ದು ಹೋಗಿ, ಗಾಳಿ ಯಾವ ದಾರಿಯಿಂದ ಇಂಜಿನ್ನಿಗೆ ಹೋಗುತ್ತದೆ ಎಂದು ಒಬ್ಬ ಕೆಲಸಗಾರನನ್ನು ಕೇಳಿ ತಿಳಿದುಕೊಂಡಿದ್ದಳು. ಇಂತಹ ಗಾಡಿಯಲ್ಲಿ ಒಂದು ಚಕ್ರ ತಿರುಗಿ ಗಾಳಿಯನ್ನು ಒತ್ತಿ ಒತ್ತಿ ದಪ್ಪ ರಬ್ಬರ್ ಪೈಪಿನ ಮೂಲಕ ಒಳಗೆ ನೂಕುತ್ತದೆ. ಏರು ಇದ್ದಷ್ಟು, ಭಾರ ಇದ್ದಷ್ಟು ಒತ್ತಡ ಹೆಚ್ಚು. ನಿಂತ ಗಾಡಿಯಲ್ಲಿ ಸೀಟಿ ಬರುವಷ್ಟು ಒತ್ತಡ ಇರದಿದ್ದರೂ ನೊರೆಯಲ್ಲಿ ಗುಳ್ಳೆ ಏಳುವಷ್ಟು ಇದ್ದೇ ಇರುತ್ತದೆ. ಆ ಪೈಪಿನ ಒಂದೊಂದು ಕೂಡಿಕೆಗೂ ಅವಳು ಸಾಬೂನಿನ ನೊರೆ ಹಚ್ಚುತ್ತ ಹೋದಳು.

“ಒತ್ರಿ.”

ಗಾಡಿ ಗುಡುಗಿತು. ಮೊದಲ ಕೂಡಿಕೆಯಲ್ಲಿ ನೊರೆ ಅಲ್ಲಾಡಲಿಲ್ಲ. ಎರಡನೆಯದರಲ್ಲೂ ಇಲ್ಲ. ಮೂರನೆಯದು ಕಂಕಣ ಇದ್ದ ಜಾಗ. ಅವ್ವನ ಕೈ ಅಲ್ಲಿ ನಿಂತಿತು. ಅವಳೂ ಅದೇ ಮನೆಯ ಸೊಸೆ, ಅದೇ ದೇವರ ಭಕ್ತೆ. ಬ್ರಷ್ಷನ್ನು ಸೆರಗಿಗೆ ಒರೆಸಿ, ಎಡಗೈಯಿಂದ ಕಂಕಣಕ್ಕೆ ನಮಸ್ಕಾರ ಮಾಡಿ, ಆಮೇಲೆ ಅದರ ಬುಡಕ್ಕೆ ನೊರೆ ಹಚ್ಚಿದಳು.

“ಇನ್ನೊಮ್ಮೆ ಒತ್ರಿ. ಜೋರ್.”

ನೊರೆ ಉಬ್ಬಿತು. ಒಂದು ಗುಳ್ಳೆ, ಎರಡು, ಆಮೇಲೆ ಪುಟಪುಟನೆ ಗುಳ್ಳೆಗಳು. ಅರಿಶಿಣದ ನೂಲು ಪೈಪನ್ನು ಬಿಗಿಯುವ ಕಬ್ಬಿಣದ ಕ್ಲಿಪ್ಪಿನ ಮೇಲೆ ಇರಲಿಲ್ಲ, ಕೆಳಗೆ ಹೋಗಿತ್ತು. ರಬ್ಬರ್ ಪೈಪಿನ ಬಾಯಿಗೂ ಒಳಗಿನ ಲೋಹದ ಕೊಳವೆಗೂ ನಡುವೆ ಐದೆಳೆಯ ನೂಲು ಗಂಟಿನ ಸಮೇತ ಸಿಕ್ಕಿಕೊಂಡಿತ್ತು.

“ಏನಾತು? ಏನ್ ಕಂಡಿತು?” ಎಂದು ಅಪ್ಪ ಒಳಗಿನಿಂದ ಕೂಗುತ್ತಿದ್ದ.

ಅವ್ವ ಆಯಿಯ ಕಡೆ ತಿರುಗಿದಳು.

“ಅತ್ಯಾರ, ಇದನ್ನ ಕ್ಲಿಪ್ಪಿನ ಬುಡಕ ಸಿಗಿಸಿದವರು ಯಾರ್ರಿ?”

“ಮತ್ಯಾರು, ಒಳಗ ಕುಂತಾನಲ್ಲ ಅವನs. ಬೀಳಬಾರದಂತ ಸ್ಕ್ರೂ ಬಿಚ್ಚಿ, ಪೈಪ್ ಎಬ್ಬಿಸಿ ಸಿಗಿಸಿದ. ನಾ ಕಂಡೇನಿ.”

ಎರಡು ತಿಂಗಳು ಅವ್ವನ ಬಲಗಾಲನ್ನು ಊರೆಲ್ಲ ಬೈದದ್ದು, ಬಸ್ಸಿನ ಮೆಟ್ಟಿಲು, ನಾಳೆ ಬರಲಿರುವ ಹಲಕರ್ಣಿಯವರು, ಎಲ್ಲವೂ ಅವಳ ಮುಖದಲ್ಲಿ ಇದ್ದವು. ಆದರೂ ಅವಳು ಕಂಕಣಕ್ಕೆ ಕೈ ಹಾಕಲಿಲ್ಲ. ಕಟ್ಟಿದ ಕಂಕಣ ತಾನಾಗಿ ಬೀಳಬೇಕು, ಇಲ್ಲ ಮುಂದಿನ ಖಂಡೇ ನವಮಿಗೆ ಬಿಚ್ಚಬೇಕು. ನಡುವೆ ಬಿಚ್ಚಿದರೆ ಓಡಾಡುವವರಿಗೆ ಕೇಡು. ಓಡಾಡುವವಳು ಅವಳೇ.

“ಬಿಚ್ಚಲೇನ್ರಿ ಅತ್ಯಾರ?”

ಆಯಿ ಕೋಲನ್ನು ಗೋಡೆಗೆ ಆನಿಸಿ ಹತ್ತಿರ ಬಂದಳು.

“ಕಂಕಣ ನಿನ್ನ ಕಾಯಾಕ ಕಟ್ಟಿದ್ದು ಯವ್ವಾ, ನಿನ್ನ ಗೋಳು ಹೊಯ್ಕೊಳ್ಳಾಕಲ್ಲ. ತಗಿ. ನಾ ಹೇಳತೇನಿ, ತಗಿ. ಪಾಪ ಬಂದ್ರ ನನಗ ಬರಲಿ.”

ಅಪ್ಪ ಇಳಿದು ಬಂದ. ಗುಳ್ಳೆ ನೋಡಿದ, ನೂಲು ನೋಡಿದ, ತನ್ನ ದಾಡಿಯ ಬ್ರಷ್ಷನ್ನೂ ನೋಡಿದ. ಈಗಲಾದರೂ ಒಂದು ಮಾತು ಬರುತ್ತದೆ ಎಂದು ನಾನು ಕಾದೆ. ಬಂತು.

“ಆ ಬಂಡೂಗ ಕಣ್ಣಿಲ್ಲೇನು? ಕೊಲ್ಹಾಪುರದವರು ದಿನಾ ಪೂರಾ ಏನ್ ಮಾಡಿದ್ರು?”

ಅವ್ವ ಸ್ಕ್ರೂ ಸಡಿಲು ಮಾಡಿ, ನೂಲನ್ನು ಹರಿಯದ ಹಾಗೆ ಬಿಡಿಸಿ ಆಯಿಯ ಕೈಗೆ ಕೊಟ್ಟಳು. ಆಯಿ ಅದನ್ನು ದೇವರ ಜಗುಲಿಯ ಮೇಲಿಟ್ಟಳು. ಪೈಪು ಸರಿಯಾಗಿ ಕೂರಿಸಿ ಕ್ಲಿಪ್ಪು ಬಿಗಿದು ಮತ್ತೆ ನೊರೆ ಹಚ್ಚಿದಾಗ ಒಂದು ಗುಳ್ಳೆಯೂ ಏಳಲಿಲ್ಲ. ಅವ್ವ ಕೈ ತೊಳೆದು, ಫೋನಿನಲ್ಲಿ ಹಲಕರ್ಣಿಯವರಿಗೆ ಗಾಡಿ ಮಾರುವುದಿಲ್ಲ ಎಂದು ತಾನೇ ಹೇಳಿದಳು. ಅಪ್ಪ ಪಕ್ಕದಲ್ಲೇ ನಿಂತಿದ್ದ, ತಡೆಯಲಿಲ್ಲ. ಚಾವಿ ಗಾಡಿಯಲ್ಲೇ ಇತ್ತು, ಅದನ್ನು ಅವ್ವ ತನ್ನ ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಮರುದಿನ ಬೆಳಿಗ್ಗೆ ಅವ್ವ ಇಚಲಕರಂಜಿಗೆ ಹೊರಟಾಗ ಅಪ್ಪ ಅಂಗಿ ಹಾಕಿಕೊಂಡು ಬಂದು ಮುಂದಿನ ಸೀಟಿನಲ್ಲಿ ಕುಳಿತ. ಘಾಟಿನಲ್ಲಿ ನೋಡಬೇಕಲ್ಲ, ಹಾಗೆಲ್ಲ ನಂಬಲಾಗುವುದಿಲ್ಲ ಎಂದ. ನನಗೆ ಶಾಲೆ ಇತ್ತು, ಹೊಟ್ಟೆನೋವು ಎಂದು ಸುಳ್ಳು ಹೇಳಿ ನಾನೂ ಹಿಂದೆ ಹತ್ತಿದೆ. ಇಚಲಕರಂಜಿಯಲ್ಲಿ ಬಟ್ಟೆ ತುಂಬಿತು. ಹಿಂದಿನ ಸೀಟು ತನಕ ಗಂಟುಗಳು, ಗಾಡಿ ಹಿಂದಕ್ಕೆ ಜಗ್ಗುವಷ್ಟು ಭಾರ. ವಾಪಸ್ ಬರುವಾಗ ನಿಪ್ಪಾಣಿ ದಾಟಿದ ಮೇಲೆ ಘಾಟು ಶುರುವಾಯಿತು. ಅವ್ವ ಮೂರನೇ ಗೇರಿಗೆ ಹಾಕಿ ಬಲಗಾಲನ್ನು ಒತ್ತಿದಳು. ಇನ್ನೂ ಒತ್ತಿದಳು. ಮುಂದಿದ್ದ ಕಬ್ಬಿನ ಟ್ರ್ಯಾಕ್ಟರನ್ನು ದಾಟಿದಳು. ಇಂಜಿನ್ನಿನ ಗುಡುಗು ಬಿಟ್ಟು ಬೇರೆ ಸದ್ದೇ ಇಲ್ಲ. ಮೊದಲ ತಿರುವು, ಎರಡನೇ ತಿರುವು, ಕೊನೆಯ ಏರು. ಸೀಟಿ ಇಲ್ಲ. ನಾನು ಅಪ್ಪನ ಮುಖ ನೋಡುತ್ತಿದ್ದೆ. ಅಪ್ಪ ಸೀಟಿಗೆ ಒರಗಿ, ಕಾಲು ಚಾಚಿ, ಸಮಾಧಾನದಿಂದ ಹೇಳಿದ.

“ನೋಡಿದಿ? ನಾ ಮೊದಲs ಹೇಳಿದ್ದೆ. ಸಂಭಾಳಿಸಿ ಒತ್ತಿದ್ರ ಎಲ್ಲಿ ಸೀಟಿ ಬರತೈತಿ?”

ಘಾಟಿನ ಮೇಲೆ ಚಹಾದ ಅಂಗಡಿಗಳಿರುವಲ್ಲಿ ಅವ್ವ ಗಾಡಿಯನ್ನು ರಸ್ತೆಯ ಬದಿಗೆ ತೆಗೆದು ನಿಲ್ಲಿಸಿದಳು. ಅವಳ ಕೈ ಸ್ಟೇರಿಂಗಿನ ಮೇಲೇ ಇತ್ತು. ದನಿ ಏರಲಿಲ್ಲ.

“ಸ್ವಲ್ಪ ಇಳೀರಿ.”

ಚಹಾ ಕುಡಿಯಲು ಎಂದುಕೊಂಡ ಅಪ್ಪ ಇಳಿದ. ಧೋತರ ಸರಿಪಡಿಸಿಕೊಂಡು ಬಾಗಿಲು ಹಾಕಿದ. ಅವ್ವ ಗೇರು ಹಾಕಿ ಹೊರಟುಬಿಟ್ಟಳು. ನಾನು ಗಂಟುಗಳ ಮೇಲೆ ಹತ್ತಿ ಹಿಂದಿನ ಗಾಜಿನಿಂದ ನೋಡಿದೆ: ಅಪ್ಪ ಕೈ ಎತ್ತಿ ಒಂದೆರಡು ಹೆಜ್ಜೆ ಓಡಿದ, ಆಮೇಲೆ ನಿಂತ. ಪಾಪ ಅನಿಸಬೇಕಿತ್ತು. ಅನಿಸಲಿಲ್ಲ. ಅವ್ವಾ ನಿಲ್ಲಿಸು ಎಂಬ ಮಾತು ನನ್ನ ಬಾಯಿಂದ ಬರಲಿಲ್ಲ. ಅವ್ವ ಅಳುತ್ತಿದ್ದಳು. ಅಳುತ್ತಲೇ ಗಾಡಿಯನ್ನು ಸಂಕೇಶ್ವರದ ತನಕ ಎಲ್ಲೂ ನಿಲ್ಲಿಸದೆ ಹೊಡೆದಳು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, ನನಗೆ ಒಂದು ಚುರಮುರಿ ಪೊಟ್ಟಣ ಕೊಡಿಸಿದಳು.

ಮನೆಯಲ್ಲಿ ಗಂಟು ಇಳಿಸಿ, ಕೈಕಾಲು ತೊಳೆದು, ಅವ್ವ ರೊಟ್ಟಿ ಬಡಿಯಲು ಕುಳಿತಳು. ಅಪ್ಪ ಎಲ್ಲಿ ಎಂದು ಆಯಿ ಕೇಳಿದ್ದಕ್ಕೆ, ಹಿಂದೆ ಬರುತ್ತಾರೆ ಎಂದಳು ಅಷ್ಟೇ. ದೀಪ ಹಚ್ಚುವ ಹೊತ್ತಿಗೆ ಅಪ್ಪ ಬಂದ. ಯಾವುದೋ ಎಮ್ಮೆ ತುಂಬಿದ ಟೆಂಪೋದಲ್ಲಿ ಸಂಕೇಶ್ವರಕ್ಕೆ, ಅಲ್ಲಿಂದ ನಿಂತುಕೊಂಡು ಬಸ್ಸಿನಲ್ಲಿ. ಧೋತರದ ತುಂಬ ಸೆಗಣಿ. ಕಟ್ಟೆಯ ಮೇಲೆ ಕುಳಿತು ಚಪ್ಪಲಿ ಬಿಚ್ಚುತ್ತಿದ್ದವನನ್ನು ಆಯಿ ಬಿಡಲಿಲ್ಲ.

“ಅಕಿ ಜೋಡಿ ಹೋಗಿದ್ದಿ. ಒಬ್ಬವನs ಯಾಕ ಬಂದಿ?”

“ಘಾಟಿನ್ಯಾಗ ನನ್ನ ಇಳಿಸಿ ಬಂದ್ಳು.”

“ಯಾಕ?”

ಒಳಗೆ ರೊಟ್ಟಿ ಬಡಿಯುವ ಸಪ್ಪಳ ನಿಂತಿತು. ಅಪ್ಪ ಎರಡನೇ ಚಪ್ಪಲಿಯನ್ನೂ ಬಿಚ್ಚಿ ಬದಿಗಿಟ್ಟ. ಆಮೇಲೆ ಅಡುಗೆಮನೆಗೆ ಕೇಳುವಷ್ಟು ಗಟ್ಟಿಯಾಗಿ ಹೇಳಿದ.

“ದಾರ ಸಿಗಿಸಿದವ ನಾನು. ಬೈಸ್ಕೊಂಡಾಕಿ ಅಕಿ. ಅದಕ್ಕ ಇಳಿಸಿದ್ಳು. ಸರಿ ಮಾಡಿದ್ಳು.”

ಅಪ್ಪ ಹಾಗೆ ಮಾತಾಡಿದ್ದನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ, ಆಮೇಲೆ ಕೇಳಿದ್ದೂ ಕಡಿಮೆ. ಆಯಿ ಎದ್ದು ಅವನ ಕಾಲಿಗೆ ನೀರು ತರಲು ಹೋದಳು. ಒಳಗೆ ರೊಟ್ಟಿಯ ಸಪ್ಪಳ ಮತ್ತೆ ಶುರುವಾಯಿತು, ಅದರ ನಡುವೆಯೇ ಅವ್ವ ಕೂಗಿದಳು.

“ಶೈಲೂ, ನಿಮ್ಮಪ್ಪಗ ತಾಟು ಇಡು.”

ನಾನು ತಾಟನ್ನು ನೆಲಕ್ಕೆ ಕುಕ್ಕಿಯೇ ಇಟ್ಟೆ. ಅವ್ವನ ಸಿಟ್ಟು ಇಳಿದಿತ್ತು, ನನ್ನದು ಇನ್ನೂ ಇಳಿದಿರಲಿಲ್ಲ.